ಒಂದು ಹಗಲು, ಮೂರು ಹನುಮರು

ಶ್ರಾವಣದ ಶನಿವಾರ ಕಸಾಪುರ, ಮುರಡಿ, ನೇಮಕಲ್ಲು ಈ ಮೂರೂ ಕ್ಷೇತ್ರಗಳ ಆಂಜನೇಯನನ್ನು ಒಂದೇ ದಿನದಲ್ಲಿ ದರ್ಶಿಸಬೇಕೆಂಬುದು ನಮ್ಮ ಸೀಮೆಯ ನಂಬಿಕೆ. ಮೂರೂ ವ್ಯಾಸರಾಯರ ಪ್ರತಿಷ್ಠೆಯೆಂದು ಹಿರಿಯರ ಹೇಳಿಕೆ. ವ್ಯಾನು ಮಾಡಿಕೊಂಡು ಮಕ್ಕಳೊಡನೆ ಹೊರಡಲಿರುವ ಹಳೆಯ ವಿದ್ಯಾರ್ಥಿಗಳು ದಾರಿಯ ಕ್ರಮವನ್ನು ಕೇಳಿ ಬರೆದಿರುವರು.

ಹಿಂದಿನ ರಾತ್ರಿಯೇ ಗುಂತಕಲ್ಲು ಸೇರಿರಿ. ಅದರ ಸಮೀಪದ ಕಸಾಪುರದಲ್ಲಿ ಜನಸಂದಣಿ ಅಧಿಕ. ಬೆಳಕು ಹರಿಯುವ ಮುನ್ನವೇ ಸಾಲಿನಲ್ಲಿ ನಿಂತರೆ ಬಿಸಿಲೇರುವುದರೊಳಗೆ ಹೊರಬರಬಹುದು. ಬುತ್ತಿಯನ್ನು ಗಡಿಯಾರ ನೋಡಿ ಬಿಚ್ಚಬೇಡಿರಿ, ಮಕ್ಕಳ ಮುಖ ನೋಡಿ ಬಿಚ್ಚಿರಿ. ಹಸಿದ ಮಗುವಿನ ನೆನಪಿನಲ್ಲಿ ಯಾವ ಕ್ಷೇತ್ರವೂ ಉಳಿಯದೆಂಬುದನ್ನು ಶಾಲೆಯ ಪ್ರವಾಸಗಳಲ್ಲಿ ಕಂಡವನು ನಾನು.

ಅಲ್ಲಿಂದ ನೇರವಾಗಿ ನೇಮಕಲ್ಲಿಗೆ ಬರುವವರೇ ಹೆಚ್ಚು. ಸುತ್ತಾದರೂ ಚಿಂತೆಯಿಲ್ಲ, ಬಳ್ಳಾರಿಯ ಮೇಲೆ ಹಾಯ್ದು ಮುರಡಿಗೆ ಬನ್ನಿರಿ. ಆಗ ರಾಜ್ಯದ ಗಡಿಯನ್ನು ಎರಡು ಸಲ ದಾಟುವಿರಿ. 1953ರ ಅಕ್ಟೋಬರ್ 1ಕ್ಕೆ ಮೊದಲು ಈ ಗಡಿಯೇ ಇರಲಿಲ್ಲ. ಎಲ್ಲವೂ ಮದರಾಸು ರಾಜ್ಯ, ರಾಯದುರ್ಗವು ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಅಂದು ಬಳ್ಳಾರಿ ಮೈಸೂರಿಗೆ ಸೇರಿತು, ನಾವು ಆಂಧ್ರಕ್ಕೆ. ಗಡಿಯ ಫಲಕದ ಬಳಿ ವ್ಯಾನು ನಿಲ್ಲಿಸಿ ಮಕ್ಕಳನ್ನು ಇಳಿಸಿರಿ. ಯಾತ್ರಿಕರಾರೂ ಅಲ್ಲಿ ನಿಲ್ಲುವುದಿಲ್ಲ. ನನ್ನ ಪಟ್ಟಿಯಲ್ಲಿ ಅದೇ ಮುಖ್ಯವಾದ ನಿಲುಗಡೆ. ಫಲಕದ ಅಕ್ಷರ ಬದಲಾಗುವುದನ್ನೂ ಆಚೀಚೆಯ ಹೊಲಗಳ ಮಾತು ಬದಲಾಗದಿರುವುದನ್ನೂ ಅವರೇ ಗಮನಿಸಲಿ.

ಸಂಜೆಗೆ ನೇಮಕಲ್ಲು. ಮಂಗಳಾರತಿಯಾದೊಡನೆ ಹೊರಡುವ ಅವಸರ ಬೇಡ, ರಾತ್ರಿ ಊರಿನಲ್ಲೇ ತಂಗಿರಿ. ಮಕ್ಕಳಿಗೆ ಕನ್ನಡ ಓದಲು ಬಾರದೆಂದು ನಿಮ್ಮಲ್ಲಿ ಹಲವರು ಬರೆದಿರುವಿರಿ. ಜಗುಲಿಯ ಮೇಲೆ ಕುಳಿತ ಅಜ್ಜಿಯರ ಮಾತನ್ನಾದರೂ ಒಂದು ರಾತ್ರಿ ಕೇಳಲಿ.