ಹಲ್ಲು ನೋಡದೆ ತಂದ ಗಾಡಿ

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ದನದ ಜಾತ್ರೆಗೆ ಹೋದರೆ ನಮ್ಮಪ್ಪ ಮೊದಲ ದಿನ ಎತ್ತು ಕೊಳ್ತಾನೇ ಇರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡೋದು, ಸುಳಿ ನೋಡೋದು, ನಾಲ್ಕು ಹೆಜ್ಜೆ ನಡೆಸೋದು, ಟವಲಿನ ಒಳಗೆ ಬೆರಳು ಹಿಡಿದು ರೇಟು ಮಾತಾಡೋದು, ಕೊನೆಗೆ ಬೇಡ ಅಂತ ಎದ್ದು ಬರೋದು. ಅಂಥವರ ಮಗನಾದ ನಾನು 9.5 ಲಕ್ಷದ ಎಸ್‌ಯುವಿಯನ್ನು ಒಂದು ಶನಿವಾರ, ಮಧ್ಯಾಹ್ನದ ಊಟಕ್ಕೂ ಮುಂಚೆ ಕೊಂಡುಬಿಟ್ಟೆ.

8 ವರ್ಷದ ಡೀಸೆಲ್ ಗಾಡಿ, 92,000 ಕಿ.ಮೀ. ಓಡಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಇರೋ ಮಾಡೆಲ್ಲು. ಹೊಸದಾಗಿದ್ದಾಗ ಅದರ ಬೆಲೆ ಕೇಳೋ ಧೈರ್ಯ ನನಗಿರಲಿಲ್ಲ. ನಮ್ಮೂರ ಹಟ್ಟಿ ಮುಂದೆ ಅದು ನಿಂತ ಹಾಗೆ ಆಗಲೇ ಕಣ್ಣಿಗೆ ಕಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಮಾರಿದವನು ‘ಸಾರ್, ಮುಂದಿನ ಎರಡೂ ಟೈರು ಬ್ರ್ಯಾಂಡ್ ನ್ಯೂ’ ಅಂದ. 15 ಸಾವಿರ ಉಳಿತು ಅಂತ ಒಳಗೊಳಗೇ ಖುಷಿಪಟ್ಟೆ. ಆ ಟೈರಿನ ಕತೆ ಆಮೇಲೆ ಹೇಳ್ತೀನಿ.

ಮೂರನೇ ತಿಂಗಳಿಗೆ ಕ್ಲಚ್ ಹೋಯ್ತು. ಇಂಜಿನ್ ಆಫ್ ಮಾಡುವಾಗ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಮೆಕ್ಯಾನಿಕ್ ಕಿವಿಯಲ್ಲೇ ಕೇಳಿ ಹೇಳಿದ: ‘ಬರೀ ಪ್ಲೇಟ್ ಅಲ್ಲ ಸಾರ್, ಫ್ಲೈವೀಲೂ ಹೋಗಿದೆ. ಗೇರ್‌ಬಾಕ್ಸ್ ಇಳಿಸ್ಬೇಕು.’ ನಾನು ಓದಿದ ಬಿಇನಲ್ಲಿ ಫ್ಲೈವೀಲ್ ಅಂದ್ರೆ ಒಂದು ಗಟ್ಟಿ ಕಬ್ಬಿಣದ ಚಕ್ರ. ಇದರಲ್ಲಿ ಅದು ಎರಡು ತುಂಡು, ನಡುವೆ ಸ್ಪ್ರಿಂಗು. ಡೀಸೆಲ್ ಇಂಜಿನ್ನಿನ ಕುಲುಕಾಟ ಗೇರ್‌ಬಾಕ್ಸಿಗೆ ತಲುಪದ ಹಾಗೆ ಆ ಸ್ಪ್ರಿಂಗುಗಳು ನುಂಗಿಕೊಳ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡು ಇಂಚಿಂಚು ಸರಿಯುವವರ ಕೈಗೆ ಸಿಕ್ಕರೆ ಎಷ್ಟು ದಿನ ಅಂತ ನುಂಗ್ತವೆ? ಲೇಬರ್ ಸೇರಿ 86,000. ಸರಿ, ಹಳೇ ಗಾಡಿ ಅಂದಮೇಲೆ ಇದೆಲ್ಲ ಇರೋದೇ ಅಂತ ಕಟ್ಟಿದೆ.

ಏಳನೇ ತಿಂಗಳಲ್ಲಿ, ಊರಿಗೆ ಹೋಗುವಾಗ, ರಾತ್ರಿ ಹತ್ತೂವರೆಗೆ ದಾಬಸ್‌ಪೇಟೆ ಹತ್ತಿರ ಗಾಡಿ ಕಾಲು ಕಟ್ಟಿದ ಹಸುವಿನ ಥರ ಮುಗ್ಗರಿಸೋಕೆ ಶುರುವಾಯ್ತು. ಸುಟ್ಟ ಎಣ್ಣೆ ವಾಸನೆ. ಹಿಂದಿನ ಸೀಟಲ್ಲಿ ಮಗಳು ನಿದ್ದೆ, ಪಕ್ಕದಲ್ಲಿ ಹೆಂಡತಿ ಮೌನ. ಅವಳು ಬೈದಿದ್ರೇ ಚೆನ್ನಾಗಿತ್ತು. ಟೋಯಿಂಗ್ ಗಾಡಿ ಬರುವಷ್ಟರಲ್ಲಿ ಹನ್ನೆರಡೂವರೆ.

ಹೋಗಿದ್ದು ಟ್ರಾನ್ಸ್‌ಫರ್ ಕೇಸ್, ಅಂದ್ರೆ ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಡಬ್ಬ. ಹೊಸದಕ್ಕೆ 1.74 ಲಕ್ಷ ಎಸ್ಟಿಮೇಟ್ ಕೊಟ್ಟರು. ಯಾಕೆ ಹೋಯ್ತು ಅಂದಿದ್ದಕ್ಕೆ ಮೆಕ್ಯಾನಿಕ್ ಟೈರ್ ತೋರಿಸಿದ. ಮುಂದಿನದರ ಕಚ್ಚು 8 ಮಿ.ಮೀ., ಹಿಂದಿನದು ಸವೆದು 3. ಮನೆಗೆ ಬಂದು ಲೆಕ್ಕ ಹಾಕಿದೆ. ಸವೆದ ಚಕ್ರದ ಸುತ್ತಳತೆ ಹತ್ತಿರ ಹತ್ತಿರ 3 ಸೆಂ.ಮೀ. ಕಮ್ಮಿ, ಹಾಗಾಗಿ ಕಿಲೋಮೀಟರಿಗೆ ಐದಾರು ಸುತ್ತು ಜಾಸ್ತಿ ತಿರುಗಬೇಕು. ಆ ವ್ಯತ್ಯಾಸವನ್ನು ಟ್ರಾನ್ಸ್‌ಫರ್ ಕೇಸಿನ ಒಳಗಿನ ಪ್ಲೇಟುಗಳು ಜಾರಿ ಜಾರಿ ಸರಿದೂಗಿಸಬೇಕು. ನಾನು ಓಡಿಸಿದ್ದು 6,000 ಕಿ.ಮೀ. ಮೂವತ್ತು ಸಾವಿರಕ್ಕೂ ಮೇಲೆ ಸುತ್ತು ಅವು ಉಜ್ಜಿ, ಕಾದು, ಸುಟ್ಟುಕೊಂಡಿದ್ದವು. ಮಾರಿದವನಿಗೆ ಇದು ಗೊತ್ತಿತ್ತೋ ಇಲ್ಲವೋ. ಗಾಡಿ ಚೆನ್ನಾಗಿ ಕಾಣಲಿ ಅಂತ ಹಾಕಿದ ಆ ಎರಡು ಹೊಸ ಟೈರೇ ಅದನ್ನು ತಿಂದಿದ್ದವು.

ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ. ಅರ್ಧಕ್ಕೇ ತಡೆದು, ‘ಒಂದು ಎತ್ತು ಎತ್ತರ, ಒಂದು ಗಿಡ್ಡ. ನೊಗ ಮುರಿದೈತೆ, ಅಷ್ಟೇ ತಾನೆ?’ ಅಂದ್ರು. ಅಷ್ಟೇ.

ಅವರು ಕೇಳದೇ ಇದ್ದದ್ದು ಇನ್ನೊಂದು. ಬೇಸಿಗೆಗೆ ಮುಂಚೆ ತೋಟಕ್ಕೆ ಇನ್ನೊಂದು ಬೋರ್ ಕೊರೆಸೋಕೆ ಒಂದೂವರೆ ಲಕ್ಷ ಕೊಡ್ತೀನಿ ಅಂತ ದೀಪಾವಳಿಯಲ್ಲಿ ನಾನೇ ಹೇಳಿದ್ದೆ. ಹಳೇ ಬೋರು ಅರ್ಧ ಗಂಟೆ ನೀರು ಕೊಟ್ಟು ನಿಲ್ತಿತ್ತು, ತೆಂಗಿನ ಗರಿ ಜೋತು ಬಿದ್ದಿದ್ದವು. ರೀಕಂಡಿಶನ್ ಟ್ರಾನ್ಸ್‌ಫರ್ ಕೇಸ್ 95,000, ನಾಲ್ಕು ಒಂದೇ ಥರದ ಟೈರು, ಎಣ್ಣೆ, ಲೇಬರ್ ಎಲ್ಲಾ ಸೇರಿ ಆ ದುಡ್ಡು ಅಲ್ಲಿಗೆ ಮುಗೀತು. ‘ಗಾಡಿ ರೆಡಿ ಆಯ್ತೇನಪ್ಪಾ?’ ಅಂತಷ್ಟೇ ಅಪ್ಪ ವಾರಕ್ಕೊಮ್ಮೆ ಕೇಳೋರು.

ಮಾರಿಬಿಡೋಣ ಅಂತ ಹಾಕಿದೆ. ಹಾಸನದಿಂದ ಒಬ್ಬ ಹುಡುಗ ಬಂದ, ನನ್ನ ಥರಾನೇ ಹತ್ತು ನಿಮಿಷಕ್ಕೆ ಮನಸೋತ. ‘ಏನಾದ್ರೂ ಕೆಲಸ ಇದ್ಯಾ ಸಾರ್?’ ಅಂದ. ಇಲ್ಲ ಅಂದಿದ್ರೆ ಬೋರಿನ ದುಡ್ಡು ಅವತ್ತೇ ಕೈಗೆ ಬರ್ತಿತ್ತು. ನಾಲಿಗೆ ತುದಿವರೆಗೂ ಬಂದಿತ್ತು. ಬಿಲ್ಲಿನ ಫೈಲ್ ತಂದುಕೊಟ್ಟೆ. ಒಂದೊಂದೇ ಹಾಳೆ ತಿರುಗಿಸಿ, ಯೋಚನೆ ಮಾಡಿ ಫೋನ್ ಮಾಡ್ತೀನಿ ಅಂದ. ಮಾಡಿಲ್ಲ. ಅವನ ಮೇಲೆ ಸ್ವಲ್ಪ ಸಿಟ್ಟೂ ಬಂತು, ಯಾಕೋ ಗೊತ್ತಿಲ್ಲ.

ಹೋದ ಭಾನುವಾರ ಅದರಲ್ಲೇ ಊರಿಗೆ ಹೋದೆ. ಅಪ್ಪ ಗಾಡಿ ಸುತ್ತ ಒಂದು ಸುತ್ತು ಬಂದು, ಪಂಚೆ ಎತ್ತಿಕಟ್ಟಿ ಕೂತು, ಒಂದೊಂದು ಟೈರಿನ ಕಚ್ಚಿಗೂ ಹೆಬ್ಬೆರಳು ಇಟ್ಟು ನೋಡಿದ್ರು. ನಾಲ್ಕೂ ಆಯ್ತು.

‘ಈಗ ಸಮ ಐತೆ ಬಿಡು’ ಅಂದು, ಕೈ ಒರೆಸಿಕೊಂಡು ತೋಟದ ಕಡೆ ಹೊರಟರು.