ಇಂಜಿನ್ನಿನ ಕಣ್ಣು

ಹಾಸನದಿಂದ ಬೇಲೂರಿಗೆ ಹೊರಟವರು ಹಳೇಬೀಡಿನ ಕಡೆಗೆ ತಿರುಗಿಕೊಳ್ಳುವ ಊರು ಹಗರೆ. ದೇವಾಲಯಗಳನ್ನು ನೋಡಬಂದವರಿಗೆ ಅದೊಂದು ಕವಲುದಾರಿ, ಅಷ್ಟೆ. ರೈಲು ಹತ್ತಬೇಕಾದರೆ ಹಾಸನಕ್ಕೋ ಅರಸೀಕೆರೆಗೋ ಹೋಗಬೇಕು. ಇಂತಹ ಊರಿನ ಮನೆಯೊಂದರ ಹಜಾರದಲ್ಲಿ ಬೇಸಗೆಯ ರಜೆಯಲ್ಲಿ ರೈಲು ಓಡಿತೆಂದರೆ ಸೋಜಿಗವೇ ಸರಿ.

ಅದು ಆಟದ ರೈಲು. ನಿಜವಾದ ಇಂಜಿನ್ನಿನ 87ರಲ್ಲಿ ಒಂದು ಪಾಲಿನ ಡೀಸೆಲ್ ಮಾದರಿ. ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಬೆಂಗಳೂರಿನಿಂದ ಬಂದ ಹತ್ತು ವರ್ಷದ ಮೊಮ್ಮಗ ಅದನ್ನು ಜೋಪಾನವಾಗಿ ತಂದಿದ್ದ. ಆದರೆ ದೀಪ ಕೆಟ್ಟಿತ್ತು. ಅಂಗಡಿಯೊಂದರಲ್ಲಿ ಮುಂದಿನ ದೀಪವನ್ನು ಬದಲಾಯಿಸಿಕೊಟ್ಟಿದ್ದರೂ ಗುಣವಾಗಿರಲಿಲ್ಲ. "ಇದನ್ನು ಬಿಸಾಡಿ ಹೊಸತು ಕೊಂಡರಾಯಿತು" ಎಂದು ತಂದೆ ಹೇಳಿಬಿಟ್ಟಿದ್ದರು. ಮರುದಿನ ಬೆಳಗಿನ ಬಸ್ಸಿಗೆ ಎಲ್ಲರೂ ಹೊರಡುವವರು.

ತಾತನವರು ನಿವೃತ್ತ ಇಂಜಿನ್ ಚಾಲಕರು. 1970ರ ದಶಕದಲ್ಲಿ ಅರಸೀಕೆರೆಯ ಮೀಟರ್‌ಗೇಜ್ ಹಾದಿಯಲ್ಲಿ ಕಲ್ಲಿದ್ದಲು ಎಸೆಯುತ್ತ ಕೆಲಸ ಕಲಿತವರು. ಆ ವೈಪಿ ಇಂಜಿನ್ನುಗಳಲ್ಲಿ ಬಾಯ್ಲರಿನ ಹಬೆಯಿಂದಲೇ ಪುಟ್ಟ ಡೈನಮೊ ತಿರುಗಿ ದೀಪ ಹೊತ್ತಬೇಕು. ಅದು ಆರಿತೆಂದರೆ ಕತ್ತಲ ಕಾಡುದಾರಿಯಲ್ಲಿ ಚಾಲಕನ ಎದೆ ಡವಗುಟ್ಟುತ್ತಿತ್ತು. ಆಟದ ಇಂಜಿನ್ನೆಂದು ಅವರು ನಗಲಿಲ್ಲ.

"ಮೊದಲು ಓಡಿಸು, ಮರಿ. ಆಮೇಲೆ ಬಿಚ್ಚೋಣ."

ಮುಂದಕ್ಕೆ ಓಡುವಾಗ ಇಂಜಿನ್ನು ಕುರುಡು. ಹಿಂದಕ್ಕೆ ಬರುವಾಗ ಎರಡು ಕಣ್ಣೂ ತೆರೆಯುತ್ತಿದ್ದವು, ಅದೂ ಮಿಟುಕುತ್ತ. ಅಂಗಡಿಯವರು ಇದನ್ನು ನೋಡಿದ್ದರೆ ಸಾಕಿತ್ತು. ಹಿಂದಕ್ಕೆ ಹೋಗುವಾಗ ಹೊತ್ತುವ ದೀಪ ಸತ್ತಿಲ್ಲವಷ್ಟೆ! ಈ ಆಟಿಕೆಯಲ್ಲಿ 12 ವೋಲ್ಟಿನ ವಿದ್ಯುತ್ತು ಹಳಿಗಳ ಮೂಲಕವೇ ಬರುತ್ತದೆ: ಒಂದು ಹಳಿ ಧನ, ಇನ್ನೊಂದು ಋಣ. ಗುಂಡಿ ತಿರುಗಿಸಿದರೆ ಎರಡೂ ಅದಲುಬದಲಾಗಿ ಇಂಜಿನ್ನು ಹಿಂದಕ್ಕೆ ಸರಿಯುತ್ತದೆ. ಎಲ್‌ಇಡಿ ದೀಪವಾದರೋ ಒಂದೇ ದಿಕ್ಕಿನ ವಿದ್ಯುತ್ತಿಗೆ ಒಲಿಯುವುದು. ಅದರ ಎರಡು ಕಾಲುಗಳಲ್ಲಿ ಉದ್ದದ್ದು ಧನ, ಗಿಡ್ಡದ್ದು ಋಣ. ಕಾಲುಗಳನ್ನು ಕತ್ತರಿಸಿ ಬೆಸೆದಾಗ ಗುರುತು ಹೋಗಿ, ದೀಪ ತಲೆಕೆಳಗಾಗಿ ಕುಳಿತಿತ್ತು. ಪುಣ್ಯಕ್ಕೆ 1,000 ಓಮಿನ ರೆಸಿಸ್ಟರನ್ನು ಅಂಗಡಿಯವರು ತೆಗೆದಿರಲಿಲ್ಲ. ತೆಗೆದಿದ್ದರೆ ದೀಪ ಆಗಲೇ ಸುಟ್ಟುಹೋಗುತ್ತಿತ್ತು.

ಮಿಟುಕುವುದಕ್ಕೆ ಕಾರಣ ಬೇರೆ. ಚಕ್ರಗಳಿಗೆ ಕಪ್ಪು ಜಿಡ್ಡು ಹಿಡಿದಿತ್ತು. ಮೋಟಾರಿಗೆ ಭಾರದ ಗಾಲಿಯೊಂದು ಜೋಡಿಸಿರುವುದರಿಂದ, ವಿದ್ಯುತ್ತು ಕ್ಷಣಕಾಲ ತಪ್ಪಿದರೂ ಓಟ ನಿಲ್ಲದು. ದೀಪಕ್ಕೆ ಆ ಆಸರೆಯಿಲ್ಲ. ತಪ್ಪಿದ್ದನ್ನು ತಪ್ಪಿದಂತೆಯೇ ತೋರಿಸಿಬಿಡುತ್ತದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಚಕ್ರಗಳನ್ನೂ ಹಳಿಗಳನ್ನೂ ಒರೆಸಿದ್ದಾಯಿತು. ಅಜ್ಜಿಯವರ ದೇವರಮನೆಯ ಹತ್ತಿ ಅರ್ಧ ಮುಗಿಯಿತು. ಅದರ ವಿಚಾರಣೆ ಅಡಿಗೆಮನೆಯಲ್ಲಿ ನಡೆಯಿತು.

ಬೆಸುಗೆ ಹಾಕುವುದೇ ಕಷ್ಟವಾಯಿತು. ತಾತನವರಿಗೆ ಕಣ್ಣಿನ ಪೊರೆ, ಕೈಯೂ ನಡುಗುವುದು. ಸಲಾಕಿಯ ತುದಿ ಎರಡು ಬಾರಿ ಪ್ಲಾಸ್ಟಿಕ್ಕಿನ ಸಮೀಪಕ್ಕೆ ಹೋಯಿತು. ಮೂರನೆಯ ಬಾರಿ ಅವರು ಸುಮ್ಮನೆ ಸಲಾಕಿಯನ್ನು ತಿರುಗಿಸಿ, ಹಿಡಿಯನ್ನು ಹುಡುಗನ ಕಡೆಗೆ ಚಾಚಿದರು.

"ನಾನೇ? ಸುಟ್ಟುಹೋದರೆ, ತಾತ?"

"ಬೆಸುಗೆಯ ತಂತಿಯನ್ನು ಸಲಾಕಿಗೆ ಮುಟ್ಟಿಸಬೇಡ. ಕೀಲನ್ನು ಕಾಯಿಸು, ತವರ ತಾನಾಗಿ ಹರಿಯುತ್ತದೆ. ಎರಡು ಎಣಿಸಿ ಕೈ ತೆಗೆ."

ಹುಡುಗ ಉಸಿರು ಬಿಗಿಹಿಡಿದು ಎಣಿಸಿದ. ಬಾಗಿಲಲ್ಲಿ ನಿಂತಿದ್ದ ತಂದೆ ಏನೋ ಹೇಳಲೆಂದು ಬಾಯಿ ತೆರೆದು, ಹೇಳದೆ ಉಳಿದರು. ತವರದ ಹನಿ ಹೊಳೆಯಿತು.

ಹಜಾರದ ದೀಪವಾರಿಸಿದರು. ಇಂಜಿನ್ನು ಮುಂದಕ್ಕೆ ಹೊರಟಿತು. ಬಿಳಿಯ ಬೆಳಕೊಂದು ಮಂಚದ ಕಾಲನ್ನು ಸವರಿ, ಹೊಸ್ತಿಲನ್ನು ಮುಟ್ಟಿ, ತಿರುವಿನಲ್ಲಿ ಎಲ್ಲಿಯೂ ಮಿಟುಕದೆ ಹಾದುಹೋಯಿತು. ತಂದೆ ನೆಲದ ಮೇಲೆ ಕುಳಿತುಬಿಟ್ಟರು.

ತಾತನವರು ನೋಡುತ್ತಿದ್ದುದು ಮಾತ್ರ ಗಾಡಿಯ ಹಿಂಭಾಗವನ್ನು. ಇರುಳಿನಲ್ಲಿ ಕಡೆಯ ಡಬ್ಬಿಯ ಕೆಂಪು ದೀಪ ಕಂಡರೆ ತಾನೆ ಗಾಡಿ ಪೂರ್ತಿಯಾಗಿ ಬಂದಿತೆಂದು ಸ್ಟೇಷನ್ನಿನವರಿಗೆ ಭರವಸೆ! ಅರ್ಧ ಗಾಡಿ ಕಳಚಿ ದಾರಿಯಲ್ಲಿ ಉಳಿದಿದ್ದರೆ, ಹಿಂದೆ ಬರುವ ಗಾಡಿಯ ಗತಿಯೇನು?

"ಕಡೆಯ ಡಬ್ಬಿಗೆ ದೀಪವೆಲ್ಲಿ, ಮರಿ?" ಎಂದರು.

ಗಂಟೆ ಹತ್ತಾಗಿತ್ತು. ಹುಡುಗ ತಗಡಿನ ಡಬ್ಬಿಯನ್ನು ನೆಲದ ಮೇಲೆ ಸುರಿದು, ಕೆಂಪು ದೀಪವನ್ನು ಹುಡುಕತೊಡಗಿದ.