ಇಲ್ಲಿ ಈಗ ಯಾರು ಏನು ಆಡ್ತಾರೆ ಅಂದರೆ

ಹೊಳೆನರಸೀಪುರ

ಪ್ರೀತಿಯ ಪುಟ್ಟ,

ಚಳಿಗೆ ಅಮ್ಮನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ. ಅಪ್ಪ ಎಂದಿನ ಹಾಗೆ ಬೆಳಗ್ಗೆ ಎದ್ದವರೇ ಹೊಲ. ನಿಮ್ಮ ಮಾಂಟ್ರಿಯಲ್‌ನಲ್ಲಿ ಹಿಮ ಶುರುವಾಗಿರಬೇಕು. ಕಿವಿ ಮುಚ್ಚೋ ಟೋಪಿ ಹಾಕ್ಕೊಂಡೇ ಹೊರಗೆ ಹೋಗು, ಸ್ಟೈಲ್ ಆಮೇಲೆ ನೋಡೋಣ.

ಮೊನ್ನೆ ಫೋನಲ್ಲಿ ಕೇಳಿದೆಯಲ್ಲ, "ಅಕ್ಕ, ನಮ್ಮ ಕಡೆ ಜನ ಈಗ ಯಾವ ಗೇಮ್ ಆಡ್ತಾರೆ?" ಅಂತ. ಉತ್ತರ ಕೊಡೋಕೆ ಮುಂಚೆ ಅಮ್ಮ ಫೋನ್ ಕಿತ್ಕೊಂಡಳು. ಅದಕ್ಕೇ ಈ ಕಾಗದ. ನಮ್ಮ ಬೆಳಗಿನ ಹಾಸನದ ಬಸ್ಸು ನಿನಗೆ ಗೊತ್ತೇ ಇದೆ. ಶಕ್ತಿ ಯೋಜನೆ ಬಂದಮೇಲೆ ನಮಗೆ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ, ಸೀಟೂ ಇಲ್ಲ. ನಿಂತುಕೊಂಡರೆ ಒಂದು ಅನುಕೂಲ, ಕೂತವರ ಫೋನೆಲ್ಲ ಕಾಣುತ್ತೆ. ಇಣುಕಿ ನೋಡೋದು ಮರ್ಯಾದೆಯಲ್ಲ ಅಂತ ಮಕ್ಕಳಿಗೆ ಹೇಳಿಕೊಡೋ ಟೀಚರ್ ನಾನು, ಆದರೂ ನಿನಗೋಸ್ಕರ ನೋಡಿದೆ.

ಗಾರ್ಮೆಂಟ್ಸಿಗೆ ಹೋಗೋ ಹುಡುಗಿಯರ ಕೈಯಲ್ಲಿ ಇವತ್ತಿಗೂ ಕ್ಯಾಂಡಿ ಕ್ರಶ್. 2012ರ ಆಟ ಅಂತ ನೀನು ಮೂಗು ಮುರೀತೀಯ. ಆದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು, ಹೆಬ್ಬೆರಳೊಂದರಲ್ಲೇ ಆಡೋಕೆ ಬರೋದು ಬೇಕಲ್ಲಪ್ಪ. ನಿಂತು ಆಡೋವರನ್ನ ನೆನೆದು ಮಾಡಿದ ಆಟ ಎಷ್ಟಿದೆ ಹೇಳು. ಹಿಂದಿನ ಸೀಟಲ್ಲಿ ಕಾಲೇಜು ಹುಡುಗರು, ಅವರದ್ದು ಬಂದೂಕಿನ ಆಟ, ಬಿಜಿಎಂಐ. ಇಬ್ಬರು ಬಸ್ಸಲ್ಲಿ, ಒಬ್ಬ ಅರಕಲಗೂಡಲ್ಲಿ ಮನೆಯಲ್ಲೇ, ಇನ್ನೊಬ್ಬ ಚನ್ನರಾಯಪಟ್ಟಣದ ಹಾಸ್ಟೆಲಲ್ಲಿ. "ಲೋ, ಪೊಚಿಂಕಿಗೆ ಬೇಡ ಕಣ್ಲಾ, ಸಾಯ್ತೀವಿ", "ಮನೆ ಮ್ಯಾಲೊಬ್ಬ ಅವ್ನೆ, ಮೆಡ್‌ಕಿಟ್ ಬಿಸಾಕ್ಲಾ" ಅಂತ ಮಾವಿನಕೆರೆ ಬರೋವರೆಗೂ ಕೂಗಾಟ. ಆಟ ಕೊರಿಯಾದ್ದು, ಊರಿನ ಹೆಸರು ರಷ್ಯಾದ್ದು, ಬೈಗುಳ ಮಾತ್ರ ನಮ್ಮದೇ. ಅವರಿಗೆ ಗೆಲ್ಲೋದು ಅಷ್ಟೇನೂ ಮುಖ್ಯ ಅಲ್ಲ ಅಂತ ನನಗನ್ನಿಸಿತು. ಹತ್ತನೇ ಕ್ಲಾಸಾದ ಮೇಲೆ ನಾಲ್ಕು ದಿಕ್ಕಿಗೆ ಚದುರಿಹೋದ ಹುಡುಗರಿಗೆ ಸೇರೋಕೆ ಅದೊಂದು ಜಾಗ.

2020ರ ಸೆಪ್ಟೆಂಬರಲ್ಲಿ ಪಬ್‌ಜಿ ನಿಷೇಧ ಆದಾಗ ನೀನು ಮನೆಯಲ್ಲೇ ಇದ್ದೆ, ಊಟ ಬಿಟ್ಟಿದ್ದೆ. ಮುಂದಿನ ಜುಲೈಗೆ ಅದೇ ಬಿಜಿಎಂಐ ಆಗಿ ಬಂತು, 2022ರಲ್ಲಿ ಮತ್ತೆ ತೆಗೆಸಿದರು, 2023ರಲ್ಲಿ ಮತ್ತೆ ಬಂತು. ನನ್ನ ಒಂಬತ್ತನೇ ಕ್ಲಾಸಿನವನೊಬ್ಬ "ಬ್ಯಾನ್ ಆದ್ರೇನ್ ಮೇಡಂ, ಇನ್ನೊಂದ್ ಹೆಸರಿಟ್ಕಂಡ್ ಬತ್ತದೆ" ಅಂತಾನೆ. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಅಂತ ಅದರಲ್ಲಿ ಮಿತಿ ಇದೆ. ಅದಕ್ಕೆ ಅಪ್ಪನ ನಂಬರು, ಚಿಕ್ಕಪ್ಪನ ನಂಬರು ಎಲ್ಲ ಆಡ್ತಾ ಇರುತ್ತವೆ. ನಮ್ಮ ಹಳ್ಳಿಗಳಲ್ಲಿ ಇಷ್ಟೊಂದು ಮಧ್ಯವಯಸ್ಕರು ಬಂದೂಕು ಹಿಡಿದಿರೋದು ಆ ಕಂಪನಿಯವರಿಗೆ ಆಶ್ಚರ್ಯ ಆಗಿರಬೇಕು.

ಫೋನು ಸ್ವಲ್ಪ ಬಡವಾದರೆ ಫ್ರೀ ಫೈರ್ ಮ್ಯಾಕ್ಸ್. ಐವತ್ತು ಜನ, ಹತ್ತು ನಿಮಿಷ, ಮುಗೀತು. ಅದಕ್ಕೂ ಬಡವಾದರೆ ಇಂಡಿಯನ್ ಬೈಕ್ಸ್ ಡ್ರೈವಿಂಗ್ ಅಂತೊಂದು. ನಿನ್ನ ಕಣ್ಣಿಗೆ ಅದು ಗೇಮೇ ಅಲ್ಲ, ಅಷ್ಟು ಒರಟು. ಆದರೆ ಆರನೇ ಕ್ಲಾಸಿನ ಗಂಡುಮಕ್ಕಳ ಪ್ರಾಣ ಅದರಲ್ಲಿದೆ. ಆಟದೊಳಗೊಂದು ಫೋನಿದೆ. ನಂಬರ್ ಒತ್ತಿದರೆ ಕುದುರೆ ಬರುತ್ತೆ, ಇನ್ನೊಂದು ಒತ್ತಿದರೆ ಬುಲೆಟ್ ಬೈಕು. ಗಣಿತದ ನೋಟ್‌ಬುಕ್ ತಿದ್ದುವಾಗ ಕೊನೆ ಪುಟ ನೋಡಬೇಕು ನೀನು, ಅಂಕಿಗಳ ಮುಂದೆ "ಕುದುರೆ", "ಥಾರ್" ಅಂತ ನೀಟಾಗಿ ಬರೆದಿರ್ತಾರೆ. ಅಷ್ಟು ನೀಟಾಗಿ ಭಿನ್ನರಾಶಿ ಬರೆಯಲ್ಲ. ಅರಕಲಗೂಡಿನ ಅಜ್ಜಿ ಮನೆ ಬಾಗಿಲ ಹಿಂದೆ ನೀನೂ ಹೀಗೇ ಸೀಮೆಸುಣ್ಣದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಅಂತ ಬಾಣದ ಗುರುತು ಹಾಕಿದ್ದೆಯಲ್ಲ, ಕಾಂಟ್ರಾದಲ್ಲಿ ಮೂವತ್ತು ಪ್ರಾಣ ಸಿಗೋಕೆ? ಯಾರೋ ಮಾಟ ಮಾಡಿಸಿದಾರೆ ಅಂತ ಅಜ್ಜಿ ಅದರ ಮೇಲೆ ನೀರು ಚೆಲ್ಲಿದ್ದಳು. ಆ ಟಿವಿ ಗೇಮಿಗೆ ಚುಚ್ಚೋ ಕ್ಯಾಸೆಟ್ಟು, ಅದರಲ್ಲಿ ಆಡಿದ್ದು ಉಳಿಯೋ ಹಾಗಿರಲಿಲ್ಲ. ಮಾರಿಯೋ ಕೋಟೆ ಬಾಗಿಲಿಗೆ ಬಂದಾಗಲೇ ಕರೆಂಟು ಹೋಗೋದು, ಮತ್ತೆ ಮೊದಲಿಂದ. ಇವತ್ತಿಗೂ ನಿನಗಿರೋ ತಾಳ್ಮೆ ಅಲ್ಲಿಂದ ಬಂದದ್ದು ಅಂತ ನನ್ನ ನಂಬಿಕೆ.

ದೊಡ್ಡ ಹುಡುಗರು ಜಿಟಿಎ ಆರನೇದಕ್ಕೆ ಕಾಯ್ತಾ ಇದಾರೆ. 2026ರ ನವೆಂಬರ್ 19ಕ್ಕೆ ಮುಂದೆ ಹೋಯ್ತಂತೆ, ನಿನ್ನ ಭಾವ ಪೇಪರ್ ಓದಿ ಹೇಳಿದರು. ಅಲ್ಲಿವರೆಗೆ ಇಲ್ಲಿ ಫೋನಲ್ಲಿ ಹಳೇ ಜಿಟಿಎ ವೈಸ್ ಸಿಟಿನೇ ನಡೀತಿದೆ. ಅದು ಬಂದದ್ದು 2002ರಲ್ಲಿ, ಆಡ್ತಾ ಇರೋ ಹುಡುಗ ಆಗ ಹುಟ್ಟೇ ಇರಲಿಲ್ಲ. ನೀನು ಹೇಳ್ತೀಯಲ್ಲ, ಬಂಡೆ ಮೇಲೆ ಅಂಕಿ ಬರೆದರೆ ಆ ವಯಸ್ಸಿನವರೆಲ್ಲ ಗಾಳಿಯಲ್ಲಿ ಕರಗಿಹೋಗೋ ಆ ಫ್ರೆಂಚರ ಆಟ, ಎಕ್ಸ್‌ಪೆಡಿಶನ್ 33. 2025ರ ಸೆಪ್ಟೆಂಬರಲ್ಲಿ ಬಂದ ದಿನ ಗೇಮ್ ಮಾರೋ ಆನ್‌ಲೈನ್ ಅಂಗಡಿಗಳ ಸರ್ವರುಗಳನ್ನೇ ಕೆಡವಿದ ಸಿಲ್ಕ್‌ಸಾಂಗ್ — ಅವುಗಳ ಹೆಸರು ಇಲ್ಲಿನ ಹುಡುಗರಿಗೂ ಗೊತ್ತು ಪುಟ್ಟ. ಆದರೆ ಯೂಟ್ಯೂಬಲ್ಲಿ ಬೇರೆಯವರು ಆಡೋದನ್ನ ನೋಡ್ತಾರೆ. ನಾವು ಜಾತ್ರೆಯಲ್ಲಿ ಬೇರೆಯವರು ರಾಟೆ ಹತ್ತೋದನ್ನ ನೋಡ್ತಿದ್ದ ಹಾಗೆ.

ಈಗ ನಮ್ಮ ಮನೆ ಸುದ್ದಿ. ಹೋದ ಸಲ ಬಂದಾಗ ನನ್ನ ಫೋನಿಗೆ ಹಾಕಿಕೊಟ್ಟೆಯಲ್ಲ ಸ್ಟಾರ್‌ಡ್ಯೂ ವ್ಯಾಲಿ, ಅದನ್ನ ನಾನು ಬಿಟ್ಟಿಲ್ಲ. ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಮಾಡಿದ್ದು ಅಂದಿದ್ದೆ, ಆ ಮಾತಿಗೇ ಶುರು ಮಾಡಿದ್ದು. ಒಂದು ರಾತ್ರಿ ಅಪ್ಪ ಹಿಂದೆ ಬಂದು ನಿಂತರು. "ಅದೇನವ್ವ ಅದು?" ಆಲೂಗಡ್ಡೆ ಹಾಕಿದೀನಿ ಅಂದೆ. "ಎಷ್ಟ್ ದಿನದ್ ಬೆಳೆ?" ಆರು ದಿನ. ಅಪ್ಪ ಕನ್ನಡಕ ತಂದರು. "ಬಿತ್ನೆ ಜಲಂಧರದ್ದಾ?" ಅಲ್ಲಪ್ಪ, ಅಲ್ಲೇ ಊರೊಳಗಿನ ಅಂಗಡಿ. "ಅಂಗಮಾರಿ ಬರಲ್ವಾ?" ಇಲ್ಲ. "ರೇಟು?" ಎಂಬತ್ತು, ಅದಕ್ಕಿಂತ ಇಳಿಯೋದೇ ಇಲ್ಲ, ಪೆಟ್ಟಿಗೆಗೆ ಹಾಕಿದರೆ ಬೆಳಗ್ಗೆ ದುಡ್ಡು. "ಕಮಿಷನ್ನು?" ಇಲ್ಲವೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸುಳ್ಳು ಆಟ" ಅಂದರು. ಆದರೆ ಹೋಗಲಿಲ್ಲ. ಕಾಗೆ ಬಂದು ಎರಡು ಗಿಡ ತಿಂದಾಗ ಮಾತ್ರ ಮುಖ ಅರಳಿತು. "ಇದೊಂದ್ ಸರಿಯಾಗ್ ಮಾಡವ್ನೆ. ಬೆದರುಬೊಂಬೆ ಇಡು." ಈಗ ದಿನಾ ಊಟ ಆದಮೇಲೆ ಬರ್ತಾರೆ. ಫೋನ್ ಮುಟ್ಟಲ್ಲ, ಎಲ್ಲಿ ಏನು ಹಾಕಬೇಕು ಅಂತ ಬಾಯಲ್ಲೇ ಬೇಸಾಯ ಮಾಡಿಸ್ತಾರೆ. ಕಥೆ ಏನು ಅಂತ ಕೇಳಿದರು. ಪಟ್ಟಣದ ಆಫೀಸು ಸಾಕಾಗಿ ಹುಡುಗ ತಾತನ ತೋಟಕ್ಕೆ ವಾಪಸ್ ಬರ್ತಾನೆ ಅಂದೆ. ಅಪ್ಪ ಏನೂ ಹೇಳಲಿಲ್ಲ. ನಿನಗೆ ಬರೆಯಬಾರದು ಅಂದುಕೊಂಡಿದ್ದೆ, ಬರೆದೇಬಿಟ್ಟೆ. ಇದನ್ನ ಬಾ ಅನ್ನೋ ಮಾತು ಅಂತ ತಿಳ್ಕೋಬೇಡ.

ನಿನ್ನ ಗೇಮ್ ಕಂಪನಿ ಕೆಲಸದ ಬಗ್ಗೆ ನೆಂಟರು ಕೇಳಿದರೆ ಅಪ್ಪನಿಗೆ ಇನ್ನೂ ಸಂಕೋಚ. "ಕಂಪ್ಯೂಟರಲ್ಲಿ ಮರ ಗಿಡ ಬಿಡಿಸ್ತಾನೆ" ಅಂತಾರೆ. ಆಟ ಕಟ್ಟೋದು ನಾಚಿಕೆ ಕೆಲಸವಾಗಿದ್ದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ಹೊಸ ಹೊಸ ಗಂಜೀಫಾ, ಹಾಸಿನ ಆಟ ಕಟ್ಟುತ್ತಿರಲಿಲ್ಲ ಅಂತ ನಾನೇ ಹೇಳಿದೀನಿ. ಮಹಾರಾಜರ ಹೆಸರು ಕೇಳಿ ಸ್ವಲ್ಪ ಸಮಾಧಾನ ಆಗಿದಾರೆ.

ಬೇಜಾರಿನ ಸುದ್ದಿಯೂ ಇದೆ. ಅರಕಲಗೂಡಿನ ಚಿಕ್ಕಪ್ಪನ ಮಗ, ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪು ಮಾರಿದ ದುಡ್ಡನ್ನ ಯಾವುದೋ ರಮ್ಮಿ ಆ್ಯಪಿಗೆ ಸುರಿದಿದ್ದಾನೆ. ಚಿನ್ನವೂ ಬ್ಯಾಂಕಿಗೆ ಹೋಗಿದೆ. ಮೊದಮೊದಲು ಗೆಲ್ಲಿಸಿದರಂತೆ. ಒಂದು ವಿಚಿತ್ರ ಕೇಳು. 2022ರ ಫೆಬ್ರವರಿ 14ರಂದು ಕೇಂದ್ರದವರು ಮಕ್ಕಳ ಫ್ರೀ ಫೈರ್ ನಿಷೇಧ ಮಾಡಿದರು. ಅವತ್ತೇ ನಮ್ಮ ಹೈಕೋರ್ಟು ದುಡ್ಡಿನ ಆನ್‌ಲೈನ್ ಆಟ ತಡೆಯೋಕೆ ರಾಜ್ಯ ಸರ್ಕಾರ ತಂದಿದ್ದ ಕಾನೂನನ್ನ ಹೊಡೆದುಹಾಕಿತು. ತಿಂಗಳೊಪ್ಪತ್ತಲ್ಲಿ ಮಕ್ಕಳು ಮ್ಯಾಕ್ಸಿಗೆ ಹೋದರು, ದೊಡ್ಡವರು ರಮ್ಮಿಗೆ. 2025ರ ಆಗಸ್ಟಲ್ಲಿ ಕೇಂದ್ರದ ಹೊಸ ಕಾನೂನು ಬಂದಮೇಲೆ ದುಡ್ಡಿನ ಆಟದ ಆ್ಯಪುಗಳು ನಿಂತವು, ಸಾಲ ನಿಲ್ಲಲಿಲ್ಲ. ಚಿಕ್ಕಪ್ಪ ಯಾರ ಹತ್ತಿರವೂ ಮಾತಾಡ್ತಿಲ್ಲ. ನೀನೊಮ್ಮೆ ಅವರ ಮಗನಿಗೆ ಫೋನ್ ಮಾಡು. ಬುದ್ಧಿ ಹೇಳೋಕಲ್ಲ, ಅದನ್ನ ಊರೆಲ್ಲ ಹೇಳಿದೆ. ಸುಮ್ಮನೆ ಮಾತಾಡು.

ಇನ್ನೊಂದು ಮಾತು, ಅಕ್ಕ ಅಂತ ಸಲಿಗೆಯಿಂದ ಹೇಳ್ತೀನಿ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಎಲ್ಲ ಸೊನ್ನೆ ಅಂತ ಲೆಕ್ಕ ಹಾಕಿ ಜನರನ್ನ ಕಟ್ಟಿಹಾಕೋ ವಿಭಾಗ ನಿಮ್ಮಂಥ ಕಡೆ ಇರುತ್ತಂತಲ್ಲ. ಸಂಬಳ ಜಾಸ್ತಿ ಅಂತ ಕರೆದರೂ ಅಲ್ಲಿಗೆ ಹೋಗಬೇಡ. ನೀನು ಮರ ಬಿಡಿಸ್ಕೊಂಡೇ ಇರು. ಯಾವತ್ತಾದರೂ ನಿನ್ನದೇ ಆಟ ಮಾಡಿದರೆ ಸಣ್ಣ ಫೋನಲ್ಲಿ, ನೆಟ್ ಇಲ್ಲದೆ, ಹಾಸನ ಬರೋ ಅಷ್ಟರಲ್ಲಿ ಮುಗಿಯೋ ಹಾಗೆ ಮಾಡು.

ಅಮ್ಮನ ವಿಷಯ ಬಿಟ್ಟೇಹೋಯ್ತು. ಲಾಕ್‌ಡೌನಲ್ಲಿ ಹಿಡಿದ ಲೂಡೋ ಕಿಂಗ್ ಇನ್ನೂ ಬಿಟ್ಟಿಲ್ಲ. ಭಾನುವಾರ ರಾತ್ರಿ ಚನ್ನರಾಯಪಟ್ಟಣದ ದೊಡ್ಡಮ್ಮನ ಜೊತೆ ಜಗಳ. ಚೌಕಾಬಾರದಲ್ಲಾದರೆ ಹುಣಸೆಬೀಜ ತೇಯ್ದು ಕೈಯಾರೆ ಹಾಕ್ತಿದ್ದೆವು, ಈ ಫೋನು ದೊಡ್ಡಮ್ಮಂಗೇ ಆರು ಬೀಳಿಸುತ್ತೆ ಅಂತ ಅಮ್ಮನ ಗುಮಾನಿ. ಕಾಯಿ ಹಣ್ಣಾದರೆ ಮಂಡಿನೋವು ನೆನಪಿರಲ್ಲ. ನಿನ್ನ ಭಾವನೂ ಸೇರಿದರೆ ಮೂರು ಜನ, ನಾಲ್ಕನೇ ಆಳು ಬೇಕು. ನಮ್ಮ ರಾತ್ರಿ ಎಂಟೂವರೆ ಅಂದರೆ ನಿನಗೀಗ ಬೆಳಗ್ಗೆ ಹತ್ತು. ಕೋಡ್ ಕಳಿಸ್ತೀನಿ, ಬಂದು ಸೇರು. ಹಸಿರು ಅಮ್ಮಂದು, ಅದನ್ನ ಮಾತ್ರ ಮುಟ್ಟಬೇಡ.

ನಿನ್ನ ಪ್ರೀತಿಯ
ಅಕ್ಕ